ಕ್ಯಾನ್ಸರ್ ಅಲ್ಲದಿದ್ದರೂ ಹೃದಯದ ಗಡ್ಡೆಗೆ ಇಷ್ಟು ಅವಸರ ಯಾಕೆ?

ಧ್ವನಿ ತರಂಗದಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯಲ್ಲಿ ಹೃದಯದ ಒಳಗೆ ಒಂದು ಗಡ್ಡೆ ಕಾಣಿಸಿತು ಅಂತಿಟ್ಟುಕೊಳ್ಳಿ. ಡಾಕ್ಟರ್ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುತ್ತಾರೆ. ಇದು ಕ್ಯಾನ್ಸರ್ ಇರಲಿಕ್ಕಿಲ್ಲ, ಗಾಬರಿ ಬೇಡ. ಆದರೆ ಮನೆಗೆ ಹೋಗಬೇಡಿ, ಇವತ್ತೇ ಅಡ್ಮಿಟ್ ಆಗಿ, ಆದಷ್ಟು ಬೇಗ ಆಪರೇಷನ್ ಮಾಡಬೇಕು. ಕೇಳಿಸಿಕೊಂಡವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಕ್ಯಾನ್ಸರ್ ಅಲ್ಲದ ಗಂಟನ್ನು ಬೇರೆ ಕಡೆ ಇದ್ದಾಗ ನಾವು ಹೀಗೆ ನೋಡುವುದಿಲ್ಲ, ಅಲ್ವಾ? ಚರ್ಮದ ಕೆಳಗಿನ ಕೊಬ್ಬಿನ ಗಂಟು ವರ್ಷಗಟ್ಟಲೆ ಹಾಗೇ ಇರುತ್ತದೆ. ಗರ್ಭಕೋಶದ ಫೈಬ್ರಾಯ್ಡ್ ತೊಂದರೆ ಕೊಡದಿದ್ದರೆ ಸುಮ್ನೆ ಬಿಡುತ್ತಾರೆ. ಹೃದಯದ ಗಡ್ಡೆಗೆ ಮಾತ್ರ ಈ ಧಾವಂತ ಯಾಕೆ?

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಪ್ರಸಂಗವಿದೆ. ಬಸುರಿಗೆ ಸ್ಕ್ಯಾನ್ ಮಾಡುವಾಗ ಹೊಟ್ಟೆಯೊಳಗಿನ ಮಗುವಿನ ಹೃದಯದಲ್ಲಿ ಮೂರು ನಾಲ್ಕು ಗಡ್ಡೆ ಕಂಡರೆ, ಅದೇ ಹೃದ್ರೋಗ ತಜ್ಞರು ಎಷ್ಟೋ ಸಲ 'ಕಾದು ನೋಡೋಣ' ಅನ್ನುತ್ತಾರೆ. ದೊಡ್ಡವರ ಒಂದು ಗಡ್ಡೆಗೆ ಓಡೋಡಿ ಆಪರೇಷನ್, ಮಗುವಿನ ನಾಲ್ಕು ಗಡ್ಡೆಗೆ ಕಾಯುವುದು. ಮೇಲ್ನೋಟಕ್ಕೆ ಎರಡೂ ತಲೆಕೆಳಗು.

ಹೃದಯದ ವಿಷಯದಲ್ಲಿ ಗಡ್ಡೆ ಯಾವ ಜಾತಿಯದು ಅನ್ನುವುದು ಅರ್ಧ ಪ್ರಶ್ನೆ ಮಾತ್ರ. ಅದು ಎಲ್ಲಿ ಕೂತಿದೆ, ಎಷ್ಟು ಅಲ್ಲಾಡುತ್ತದೆ, ಚೂರು ಚೂರಾಗಿ ಉದುರುತ್ತದಾ, ತಾನಾಗಿ ಕರಗುತ್ತದಾ ಅನ್ನುವುದು ಉಳಿದರ್ಧ. ಆಪರೇಷನ್‌ನ ಅವಸರ ನಿರ್ಧಾರವಾಗುವುದು ಈ ಉಳಿದರ್ಧದ ಮೇಲೆ. ಈಗ ಎಕೋ, ಸಿಟಿ, ಎಂಆರ್‌ಐ ಎಲ್ಲವೂ ಜಾಸ್ತಿಯಾಗಿವೆ. ಬೇರೆ ಯಾವುದಕ್ಕೋ ಮಾಡಿದ ಸ್ಕ್ಯಾನ್‌ನಲ್ಲಿ ಹೃದಯದ ಗಡ್ಡೆ ಅಚಾನಕ್ ಸಿಗುವುದೂ ಜಾಸ್ತಿಯಾಗಿದೆ. ಹಾಗಾಗಿ ಕೊಯ್ಯಬೇಕಾ, ಕಾಯಬೇಕಾ ಅನ್ನುವ ಪ್ರಶ್ನೆ ಮೊದಲಿಗಿಂತ ಹೆಚ್ಚು ಜನರ ಎದುರಿಗೆ ಬರುತ್ತಿದೆ.

ಅಪರೂಪ, ಆದರೆ ಎಷ್ಟು ಅಪರೂಪ?

ಹೃದಯದಲ್ಲೇ ಹುಟ್ಟುವ ಗಡ್ಡೆ ನಿಜಕ್ಕೂ ಅಪರೂಪ. ಮರಣೋತ್ತರ ಪರೀಕ್ಷೆಗಳ ಲೆಕ್ಕದಲ್ಲಿ ಇದು ಶೇಕಡಾ 0.001ರಿಂದ 0.03ರಷ್ಟು. ಅಂದರೆ ಲಕ್ಷಕ್ಕೆ ಒಂದರಿಂದ ಮೂವತ್ತರವರೆಗೆ. ದೇಹದ ಬೇರೆ ಭಾಗದ ಕ್ಯಾನ್ಸರ್ ಹೃದಯಕ್ಕೆ ಹರಡಿ ಆಗುವ ಗಡ್ಡೆ ಇದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಶ್ವಾಸಕೋಶ, ಸ್ತನ, ರಕ್ತ ಮತ್ತು ಚರ್ಮದ ಮೆಲನೋಮಾ ಕ್ಯಾನ್ಸರ್‌ಗಳು ಹೀಗೆ ಹೃದಯಕ್ಕೆ ಬರುವುದುಂಟು. ಆದ್ದರಿಂದ ಮೊದಲೇ ಕ್ಯಾನ್ಸರ್ ಇದ್ದವರ ಹೃದಯದಲ್ಲಿ ಗಡ್ಡೆ ಕಂಡರೆ ಡಾಕ್ಟರ್ ಯೋಚಿಸುವ ದಾರಿಯೇ ಬೇರೆ. ಈ ಲೇಖನ ಅವರ ಬಗ್ಗೆ ಅಲ್ಲ.

ಹೃದಯದಲ್ಲೇ ಹುಟ್ಟಿದವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕ್ಯಾನ್ಸರ್ ಅಲ್ಲ. ದೊಡ್ಡವರಲ್ಲಿ ಇವುಗಳಲ್ಲಿ ಹೆಚ್ಚು ಹೆಸರಾದದ್ದು ಮಿಕ್ಸೋಮಾ. ಕವಾಟಗಳ ಮೇಲೆ ಬೆಳೆಯುವ ಪ್ಯಾಪಿಲರಿ ಫೈಬ್ರೋಎಲಾಸ್ಟೋಮಾ ಇನ್ನೊಂದು. ಮಕ್ಕಳಲ್ಲಿ ರಾಬ್ಡೋಮಯೋಮಾ ಮತ್ತು ಫೈಬ್ರೋಮಾ. ಇವುಗಳ ಜೊತೆಗೆ ಲೈಪೋಮಾ, ಹೀಮ್ಯಾಂಜಿಯೋಮಾ ಅಂತ ಇನ್ನೂ ಅಪರೂಪದವು ಕೆಲವು ಇವೆ.

ಮಿಕ್ಸೋಮಾ ಮಾಡುವ ಕಿತಾಪತಿ

ಮಿಕ್ಸೋಮಾ ಲೋಳೆಯಂಥ ಗಡ್ಡೆ. ನೂರರಲ್ಲಿ ಸುಮಾರು ಎಪ್ಪತ್ತೈದು ಎಡ ಹೃತ್ಕರ್ಣದಲ್ಲಿ, ಅಂದರೆ ಶ್ವಾಸಕೋಶದಿಂದ ಶುದ್ಧ ರಕ್ತ ಬಂದು ಸೇರುವ ಮೇಲಿನ ಕೋಣೆಯಲ್ಲಿ ಬೆಳೆಯುತ್ತವೆ. ಹದಿನೈದು ಇಪ್ಪತ್ತು ಬಲಗಡೆಯ ಮೇಲಿನ ಕೋಣೆಯಲ್ಲಿ. ಉಳಿದ ಕೆಲವು ಕೆಳಗಿನ ಕೋಣೆಗಳಲ್ಲಿ. ಎರಡು ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಒಂದು ತೆಳು ಜಾಗವಿದೆ. ಮಗು ಹೊಟ್ಟೆಯಲ್ಲಿದ್ದಾಗ ತೆರೆದಿದ್ದು ಹುಟ್ಟಿದ ಮೇಲೆ ಮುಚ್ಚಿಕೊಳ್ಳುವ ಕಿಂಡಿ ಅದು. ಮಿಕ್ಸೋಮಾ ಸಾಮಾನ್ಯವಾಗಿ ಆ ಜಾಗದ ಅಂಚಿನಿಂದ ಒಂದು ತೊಟ್ಟಿನ ಮೂಲಕ ನೇತಾಡುತ್ತಿರುತ್ತದೆ. ಮೂವತ್ತರಿಂದ ಅರವತ್ತು ವಯಸ್ಸಿನವರಲ್ಲಿ ಹೆಚ್ಚು. ಅದರಲ್ಲೂ ಹೆಂಗಸರಲ್ಲಿ ಹೆಚ್ಚು.

ತೊಂದರೆ ಶುರುವಾಗುವುದು ಈ ತೊಟ್ಟಿನಿಂದ. ಹೃದಯ ಸಡಿಲಗೊಂಡಾಗ ಮೈಟ್ರಲ್ ಕವಾಟ ತೆರೆದು ರಕ್ತ ಕೆಳಗಿನ ಕೋಣೆಗೆ ಇಳಿಯಬೇಕು. ಅದರ ಜೊತೆ ಗಡ್ಡೆಯೂ ಜಾರಿ ಕವಾಟದ ಬಾಯಿಗೆ ಬರುತ್ತದೆ. ತೂಬಿಗೆ ಬಿರಡೆ ಬಿದ್ದ ಹಾಗೆ. ಹೃದಯ ಬಿಗಿದಾಗ ಮತ್ತೆ ಮೇಲಕ್ಕೆ ಹಾರುತ್ತದೆ. ಪ್ರತಿ ಬಡಿತಕ್ಕೂ ಇದೇ ಆಟ. ಎಕೋ ಪರದೆಯ ಮೇಲೆ ಇದನ್ನು ನೋಡಿದರೆ ಯಾರಿಗೂ ವಿವರಿಸಬೇಕಾಗಿಲ್ಲ. ಐದಾರು ಸೆಂಟಿಮೀಟರ್ ಉದ್ದದ ಬೂದು ಮುದ್ದೆಯೊಂದು ಕವಾಟದ ಎರಡು ಎಸಳುಗಳ ನಡುವೆ ನುಗ್ಗಿ, ಹಿಂದೆ ಸರಿದು, ಮತ್ತೆ ನುಗ್ಗುತ್ತದೆ. ಪಕ್ಕದಲ್ಲಿ ರಕ್ತ ಹರಿಯಲು ಉಳಿದ ಸಂದು ಸಣ್ಣ ಗೆರೆಯಷ್ಟು.

ರಕ್ತ ಕೆಳಗೆ ಇಳಿಯದಿದ್ದರೆ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು, ಕಾಲು ಊದುವುದು ಎಲ್ಲಾ ಬರುತ್ತದೆ. ಕವಾಟ ಪೂರ್ತಿ ಮುಚ್ಚಿಹೋದ ಕ್ಷಣದಲ್ಲಿ ಎಚ್ಚರ ತಪ್ಪಿ ಬೀಳಬಹುದು. ಅಪರೂಪಕ್ಕೆ ಅಲ್ಲೇ ಸಾವೂ ಆಗಬಹುದು. ಇದರಲ್ಲಿ ಒಂದು ಸುಳಿವು ಗಮನಿಸಬೇಕಾದ್ದು. ಕೆಲವರಿಗೆ ಕೂತಾಗ ಅಥವಾ ಬಗ್ಗಿದಾಗ ತಲೆ ಸುತ್ತುತ್ತದೆ, ಒಂದು ಮಗ್ಗುಲಿಗೆ ಮಲಗಿದರೆ ಆರಾಮ ಅನಿಸುತ್ತದೆ. ಭಂಗಿ ಬದಲಾದಂತೆ ಗಡ್ಡೆ ಕೂರುವ ಜಾಗ ಬದಲಾಗುವುದೇ ಕಾರಣ. ಮಾಮೂಲಿ ಹೃದಯ ವೈಫಲ್ಯದಲ್ಲಿ ಮಲಗಿದರೆ ಉಸಿರಾಟ ಕಷ್ಟವಾಗುತ್ತದೆ, ಆದರೆ ಹೀಗೆ ಮಗ್ಗುಲು ಬದಲಿಸಿದ ತಕ್ಷಣ ಸರಿಹೋಗುವುದು ಕಡಿಮೆ. ರೋಗಿ ಇಂಥ ಮಾತು ಹೇಳಿದರೆ ಅದನ್ನು ತಳ್ಳಿಹಾಕದೆ ಎಕೋಗೆ ಕಳಿಸುವ ಡಾಕ್ಟರ್ ಸಿಕ್ಕರೆ ಪುಣ್ಯ.

ಎರಡನೆಯ ಅಪಾಯ ಇನ್ನೂ ದೊಡ್ಡದು, ಮತ್ತು ಅದು ಮುನ್ಸೂಚನೆ ಕೊಡುವುದಿಲ್ಲ. ಲೋಳೆಯಂಥ ಗಡ್ಡೆಯಿಂದ ಚೂರು ಕಿತ್ತು ರಕ್ತದಲ್ಲಿ ತೇಲಿಹೋಗುತ್ತದೆ. ಮಿಕ್ಸೋಮಾ ಇರುವವರಲ್ಲಿ ಮೂವತ್ತರಿಂದ ನಲವತ್ತು ಶೇಕಡಾ ಜನರಿಗೆ ಹೀಗಾಗುತ್ತದೆ ಅಂತ ಹಲವು ವರದಿಗಳ ಲೆಕ್ಕ. ಎಡಗಡೆಯದಾದರೆ ಚೂರು ಮೆದುಳಿಗೆ, ಮೂತ್ರಪಿಂಡಕ್ಕೆ, ಕಾಲಿನ ರಕ್ತನಾಳಕ್ಕೆ ಹೋಗಬಹುದು. ಬಲಗಡೆಯದಾದರೆ ಶ್ವಾಸಕೋಶಕ್ಕೆ. ಬಿಪಿ ಇಲ್ಲ, ಶುಗರ್ ಇಲ್ಲ, ಬೀಡಿ ಸಿಗರೇಟ್ ಇಲ್ಲ, ವಯಸ್ಸೂ ಆಗಿಲ್ಲ, ಆದರೂ ಲಕ್ವಾ ಹೊಡೆಯಿತು ಅನ್ನುವಾಗ ಹೃದಯದ ಒಳಗೆ ಇಣುಕಿ ನೋಡಬೇಕಾದ ಕಾರಣಗಳಲ್ಲಿ ಇದೂ ಒಂದು. ಈಗ ಲಕ್ವಾ ಆದ ಕೂಡಲೇ ಮೆದುಳಿನ ರಕ್ತನಾಳಕ್ಕೆ ಸಣ್ಣ ಕೊಳವೆ ಹಾಕಿ ಅಡ್ಡ ನಿಂತ ತುಣುಕನ್ನು ಎಳೆದು ತೆಗೆಯುವ ಚಿಕಿತ್ಸೆ ಇದೆ. ಹಾಗೆ ತೆಗೆದ ತುಣುಕನ್ನು ಪೆಥಾಲಜಿ ಲ್ಯಾಬ್‌ಗೆ ಕಳಿಸಿದಾಗ, ಅದು ರಕ್ತದ ಹೆಪ್ಪಲ್ಲ, ಮಿಕ್ಸೋಮಾದ ಚೂರು ಅಂತ ಗೊತ್ತಾದ ಉದಾಹರಣೆಗಳಿವೆ. ಹೃದಯದ ಗಡ್ಡೆಯನ್ನು ಮೆದುಳಿನಿಂದ ಪತ್ತೆ ಹಚ್ಚಿದ ಹಾಗಾಯಿತು.

ಇಲ್ಲಿ ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ಗಡ್ಡೆ ದೊಡ್ಡದಾದಷ್ಟೂ ಅಪಾಯ, ಚಿಕ್ಕದಿದ್ದರೆ ನಿರಾಳ ಅಂತ. ಮಿಕ್ಸೋಮಾದಲ್ಲಿ ಲೆಕ್ಕ ಹಾಗಿಲ್ಲ. ನುಣ್ಣಗೆ ಗಟ್ಟಿಯಾಗಿ ದೊಡ್ಡದಾಗಿ ಬೆಳೆದದ್ದು ಹೆಚ್ಚಾಗಿ ದಾರಿಗೆ ಅಡ್ಡ ನಿಲ್ಲುತ್ತದೆ. ಮೆತ್ತಗೆ, ಎಳೆ ಎಳೆಯಾಗಿ, ಗೊಂಚಲು ಗೊಂಚಲಾಗಿ ಇರುವುದು ಚಿಕ್ಕದಾದರೂ ಉದುರುತ್ತದೆ. ರಿಪೋರ್ಟ್‌ನಲ್ಲಿ ಸೆಂಟಿಮೀಟರ್ ಮಾತ್ರ ನೋಡಿ ಸಮಾಧಾನ ಪಟ್ಟುಕೊಳ್ಳುವುದು ಸರಿಯಲ್ಲ.

ಮೂರನೆಯದು ಡಾಕ್ಟರುಗಳನ್ನೇ ದಾರಿ ತಪ್ಪಿಸುವ ವೇಷ. ಸಣ್ಣ ಜ್ವರ, ತೂಕ ಇಳಿಯುವುದು, ಸುಸ್ತು, ಕೀಲುನೋವು, ರಕ್ತಹೀನತೆ, ರಕ್ತ ಪರೀಕ್ಷೆಯಲ್ಲಿ ಉರಿಯೂತದ ಸುಳಿವು ಕೊಡುವ ಇಎಸ್‌ಆರ್ ಏರುವುದು. ಗಡ್ಡೆ ಇಂಟರ್‌ಲ್ಯೂಕಿನ್ 6 ಅನ್ನುವ ಉರಿಯೂತದ ಪದಾರ್ಥವನ್ನು ಹೊರಬಿಡುವುದರಿಂದ ಹೀಗಾಗುತ್ತದೆ. ನೋಡಿದವರಿಗೆ ಹೃದಯದ ಕವಾಟಕ್ಕೆ ಸೋಂಕು ಅನಿಸಬಹುದು, ರಕ್ತನಾಳದ ಉರಿಯೂತ ಅನಿಸಬಹುದು, ಸಂಧಿವಾತ ಅನಿಸಬಹುದು. ಸ್ಟೆತಾಸ್ಕೋಪ್ ಇಟ್ಟರೆ ಮೈಟ್ರಲ್ ಕವಾಟ ಕಿರಿದಾದಾಗ ಕೇಳುವಂಥದೇ ಶಬ್ದ. ಗಡ್ಡೆ ಕವಾಟದ ಕಡೆ ಧುಮುಕುವಾಗ ಕೇಳುವ 'ಪ್ಲಾಪ್' ಶಬ್ದ ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧ, ಕಿವಿಗೆ ಬೀಳುವುದು ಮಾತ್ರ ಕಡಿಮೆ. ಗಡ್ಡೆ ತೆಗೆದ ಮೇಲೆ ಜ್ವರ, ಸುಸ್ತು, ಇಎಸ್‌ಆರ್ ಎಲ್ಲಾ ಇಳಿದುಹೋಗುತ್ತವೆ. ಅಷ್ಟು ದಿನ ತಿಂದ ಮಾತ್ರೆಗಳಿಗೆ ಯಾರು ಲೆಕ್ಕ ಕೊಡುತ್ತಾರೋ!

ಗಡ್ಡೆಯಾ, ಹೆಪ್ಪಾ?

1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ ಧ್ವನಿ ತರಂಗದಿಂದ ಹೃದಯವನ್ನು ನೋಡುವ ದಾರಿ ತೋರಿಸಿದರು. ಅದಕ್ಕೆ ಮುಂಚೆ ಹೃದಯದ ಗಡ್ಡೆ ಸಾಮಾನ್ಯವಾಗಿ ಗೊತ್ತಾಗುತ್ತಿದ್ದುದು ಸತ್ತ ಮೇಲೆ. ಈಗ ಎದೆಯ ಮೇಲೆ ಇಡುವ ಎಕೋದಲ್ಲೇ ಹೆಚ್ಚಿನ ಮಿಕ್ಸೋಮಾ ಕಾಣುತ್ತವೆ. ಅನ್ನನಾಳದ ಒಳಗಿಂದ ಮಾಡುವ ಎಕೋ ಇನ್ನೂ ಸ್ಪಷ್ಟ. ಅನ್ನನಾಳ ಎಡ ಹೃತ್ಕರ್ಣದ ಬೆನ್ನಿಗೇ ಅಂಟಿಕೊಂಡಂತೆ ಇರುವುದರಿಂದ ಅಲ್ಲಿಂದ ತೊಟ್ಟು ಎಲ್ಲಿ ಹುಟ್ಟಿದೆ ಅನ್ನುವುದೂ ಗೊತ್ತಾಗುತ್ತದೆ.

ಗೊಂದಲವಾಗುವುದು ರಕ್ತದ ಹೆಪ್ಪಿನ ಜೊತೆ. ಎರಡೂ ಮುದ್ದೆಗಳೇ. ಹೆಪ್ಪಾದರೆ ರಕ್ತ ತೆಳುಮಾಡುವ ಮಾತ್ರೆ ಕೊಟ್ಟು ಕರಗಿಸಬಹುದು, ಗಡ್ಡೆಯಾದರೆ ಕರಗುವುದಿಲ್ಲ. ಹೃದಯದ ಬಡಿತದ ಲಯ ತಪ್ಪಿದ್ದರೆ, ಕವಾಟ ಕಿರಿದಾಗಿದ್ದರೆ, ಮುದ್ದೆ ಹೃತ್ಕರ್ಣದ ಹಿಂಗೋಡೆಯಲ್ಲೋ ಮೂಲೆಯ ಚೀಲದಲ್ಲೋ ಇದ್ದರೆ ಹೆಪ್ಪಿನ ಕಡೆ ಅನುಮಾನ. ನಡುಗೋಡೆಯಿಂದ ತೊಟ್ಟು ಬಿಟ್ಟು ತೂಗಾಡುತ್ತಿದ್ದರೆ ಮಿಕ್ಸೋಮಾ ಕಡೆ. ಎಂಆರ್‌ಐನಲ್ಲಿ ಕಾಂಟ್ರಾಸ್ಟ್ ಕೊಟ್ಟಾಗ ಮುದ್ದೆಯ ಒಳಗೆ ರಕ್ತ ಸಂಚಾರ ಇದೆಯಾ ಅಂತ ನೋಡುತ್ತಾರೆ. ಹೆಪ್ಪಿಗೆ ಸಾಮಾನ್ಯವಾಗಿ ಅದಿರುವುದಿಲ್ಲ.

ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆ ಮಾಡಬಹುದಲ್ಲ ಅಂತ ಕೇಳುವವರಿದ್ದಾರೆ. ಸ್ತನದ ಗಂಟಿಗೆ, ಥೈರಾಯ್ಡ್ ಗಂಟಿಗೆ ಹಾಗೆ ಮಾಡುತ್ತಾರೆ ನಿಜ. ಹೃದಯದ ಎಡಭಾಗದಲ್ಲಿ ಉದುರುವ ಗಡ್ಡೆಯನ್ನು ಕೆಣಕಿದರೆ ಚೂರು ನೇರ ಮೆದುಳಿಗೆ ಹೋಗಬಹುದು. ಅದಕ್ಕೇ ಮಿಕ್ಸೋಮಾ ಅಂತ ಬಲವಾದ ಅನುಮಾನ ಬಂದರೆ ಬಯಾಪ್ಸಿಯ ಗೋಜಿಗೆ ಹೋಗದೆ ನೇರ ಆಪರೇಷನ್‌ಗೆ ಹೋಗುತ್ತಾರೆ. ಯಾವ ಜಾತಿಯ ಗಡ್ಡೆ ಅಂತ ಖಚಿತವಾಗುವುದು ತೆಗೆದ ಮೇಲೆ. ರೋಗನಿರ್ಣಯವೂ ಚಿಕಿತ್ಸೆಯೂ ಒಂದೇ ಏಟಿಗೆ.

ಎದೆ ತೆರೆದ ಮೇಲೆ

1953ರಲ್ಲಿ ಜಾನ್ ಗಿಬ್ಬನ್ ಅನ್ನುವ ಸರ್ಜನ್, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ಮಾಡುವ ಹಾರ್ಟ್-ಲಂಗ್ ಮಷೀನ್ ಬಳಸಿ ಮೊದಲ ಸಲ ಯಶಸ್ವಿಯಾಗಿ ಹೃದಯದ ಒಳಗೆ ಕೈಯಾಡಿಸಿದರು. ಮರುವರ್ಷವೇ, 1954ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ ಕ್ಲಾರೆನ್ಸ್ ಕ್ರಾಫೋರ್ಡ್ ಅಂಥದೇ ಯಂತ್ರದ ನೆರವಿನಿಂದ ಎಡ ಹೃತ್ಕರ್ಣದ ಮಿಕ್ಸೋಮಾ ತೆಗೆದರು. ರೋಗಿ ಬದುಕಿದರು. ಯಂತ್ರವಿಲ್ಲದೆ ಈ ಕೆಲಸ ಯಾಕೆ ಆಗುತ್ತಿರಲಿಲ್ಲ ಅಂದರೆ, ಗಡ್ಡೆ ಇರುವುದು ರಕ್ತ ತುಂಬಿದ, ಬಡಿಯುತ್ತಿರುವ ಕೋಣೆಯ ಒಳಗೆ. ಕಣ್ಣಿಗೆ ಕಾಣಬೇಕಾದರೆ ಕೋಣೆ ಖಾಲಿಯಾಗಬೇಕು, ಹೃದಯ ನಿಲ್ಲಬೇಕು.

ಇವತ್ತಿನ ಆಪರೇಷನ್‌ನ ಚೌಕಟ್ಟು ಅದೇ. ಎದೆಮೂಳೆಯನ್ನು ನಡುವೆ ಸೀಳಿ ತೆರೆಯುತ್ತಾರೆ. ರಕ್ತ ಯಂತ್ರದೊಳಗೆ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಮೇಲಿನ ಮತ್ತು ಕೆಳಗಿನ ಮಹಾಸಿರೆಗಳಿಗೆ ಕೊಳವೆ ಹಾಕಿ ಅಶುದ್ಧ ರಕ್ತವನ್ನು ಯಂತ್ರಕ್ಕೆ ಎಳೆದುಕೊಂಡು, ಆಮ್ಲಜನಕ ಸೇರಿಸಿ ಮಹಾಧಮನಿಗೆ ವಾಪಸ್ ಕಳಿಸುತ್ತಾರೆ. ಆಮೇಲೆ ಮಹಾಧಮನಿಗೆ ಕ್ಲ್ಯಾಂಪ್ ಹಾಕಿ, ಪೊಟ್ಯಾಸಿಯಂ ಹೆಚ್ಚಿರುವ ದ್ರಾವಣ ಕೊಟ್ಟು ಹೃದಯವನ್ನು ನಿಲ್ಲಿಸುತ್ತಾರೆ.

ಕವಾಟದ ಆಪರೇಷನ್‌ನಲ್ಲೂ ಹೀಗೇ ಮಾಡುತ್ತಾರೆ. ಗಡ್ಡೆಯ ಆಪರೇಷನ್ ಬೇರೆಯಾಗುವುದು ಕೈಯ ನಯದಲ್ಲಿ. ಕ್ಲ್ಯಾಂಪ್ ಬೀಳುವವರೆಗೆ ಹೃದಯವನ್ನು ಎತ್ತಬಾರದು, ಒತ್ತಬಾರದು, ಬೆರಳಿನಿಂದ ತಡಕಬಾರದು. ಬಲಗಡೆಯ ಗಡ್ಡೆಯಾದರೆ ಕೊಳವೆ ಹಾಕುವಾಗಲೇ ಅದು ಗಡ್ಡೆಗೆ ತಗುಲದಂತೆ ಅನ್ನನಾಳದ ಎಕೋ ನೋಡಿಕೊಂಡು ಹಾಕುತ್ತಾರೆ. ಒಂದು ಚೂರು ಈ ಹೊತ್ತಿನಲ್ಲಿ ಹಾರಿಹೋದರೆ, ಆಪರೇಷನ್ ಚೊಕ್ಕವಾಗಿ ಮುಗಿದರೂ ರೋಗಿ ಏಳುವಾಗ ಕೈಕಾಲು ಬಿದ್ದಿರಬಹುದು.

ಹೃದಯ ನಿಂತ ಮೇಲೆ ಎಡ ಹೃತ್ಕರ್ಣವನ್ನು ತೆರೆಯುತ್ತಾರೆ, ಅಥವಾ ಬಲ ಹೃತ್ಕರ್ಣದಿಂದ ನಡುಗೋಡೆಯ ಮೂಲಕ ಹೋಗುತ್ತಾರೆ, ಅಥವಾ ಎರಡೂ ಕಡೆಯಿಂದ. ಯಾವ ದಾರಿ ಅನ್ನುವುದು ಗಡ್ಡೆಯ ಜಾಗ, ಗಾತ್ರ, ಸರ್ಜನ್ ರೂಢಿ ಮೂರನ್ನೂ ಅವಲಂಬಿಸಿದೆ. ಗಡ್ಡೆಯನ್ನು ಚಿಮಟದಿಂದ ಹಿಡಿದು ಎಳೆಯುವುದಿಲ್ಲ. ಹಿಡಿದರೆ ಪಿಸುಕಿ ಹೋಗುತ್ತದೆ. ತೊಟ್ಟು ಹುಟ್ಟಿದ ಜಾಗದ ಸುತ್ತ ನಡುಗೋಡೆಯ ಸ್ವಲ್ಪ ಭಾಗವನ್ನೂ ಸೇರಿಸಿ ಕತ್ತರಿಸಿ, ಆ ಗೋಡೆಯ ತುಂಡನ್ನೇ ಹಿಡಿಕೆ ಮಾಡಿಕೊಂಡು ಗಡ್ಡೆಯನ್ನು ಇಡಿಯಾಗಿ ಎತ್ತುತ್ತಾರೆ. ಹೊರಗೆ ಬಂದ ಗಡ್ಡೆ ಹೊಳೆಯುವ ಹಳದಿ, ಬೂದು, ನಡುನಡುವೆ ರಕ್ತ ಕೂಡಿದ ಕಂದು ಕಲೆ. ಗೋಡೆಯಲ್ಲಿ ಉಳಿದ ತೂತು ಚಿಕ್ಕದಾದರೆ ನೇರ ಹೊಲಿಗೆ. ದೊಡ್ಡದಾದರೆ ರೋಗಿಯದೇ ಹೃದಯದ ಹೊರಪೊರೆಯ ತುಂಡೋ ಕೃತಕ ಬಟ್ಟೆಯ ತೇಪೆಯೋ ಹಾಕುತ್ತಾರೆ. ಆಮೇಲೆ ಕೋಣೆಗಳನ್ನು ಸಲೈನ್‌ನಿಂದ ಚೆನ್ನಾಗಿ ತೊಳೆದು, ಉದುರಿದ ಚೂರು ಉಳಿದಿಲ್ಲ, ಇನ್ನೊಂದು ಕಡೆ ಮರಿ ಗಡ್ಡೆ ಇಲ್ಲ, ಕವಾಟಕ್ಕೆ ಪೆಟ್ಟಾಗಿಲ್ಲ ಅಂತ ನೋಡುತ್ತಾರೆ. ಹೃದಯ ಮತ್ತೆ ಬಡಿಯಲು ಶುರುವಾದಾಗ ಎಕೋದಲ್ಲಿ ಇನ್ನೊಂದು ಸಲ ಖಾತ್ರಿ.

ಗೋಡೆಯ ಎಷ್ಟು ಭಾಗ ತೆಗೆಯಬೇಕು ಅನ್ನುವುದರಲ್ಲಿ ಸರ್ಜನ್‌ಗಳ ನಡುವೆ ಹಳೆಯ ಜಗಳವಿದೆ. ಗೋಡೆಯ ಪೂರ್ತಿ ದಪ್ಪ ತೆಗೆದರೆ ಬೇರು ಉಳಿಯುವುದಿಲ್ಲ ಅನ್ನುವವರು ಒಂದು ಕಡೆ. ಒಳಪದರವನ್ನು ಮಾತ್ರ ಕೆರೆದು ತೆಗೆದರೂ ಸಾಕು ಅನ್ನುವವರು ಇನ್ನೊಂದು ಕಡೆ. ಮಾಮೂಲಿ ಮಿಕ್ಸೋಮಾದಲ್ಲಿ ಎರಡೂ ಬಗೆಯಲ್ಲಿ ಮರುಕಳಿಸುವುದು ಕಡಿಮೆಯೇ. ಗಡ್ಡೆ ಕವಾಟದ ಹತ್ತಿರವೋ ವಿದ್ಯುತ್ ಸಂಕೇತ ಹಾದುಹೋಗುವ ಜಾಗದ ಹತ್ತಿರವೋ ಇದ್ದಾಗ ಅಗಲವಾಗಿ ಕತ್ತರಿಸುವ ಹಟ ಮಾಡಿ ರೋಗಿಗೆ ಪೇಸ್‌ಮೇಕರ್ ಗಂಟು ಹಾಕುವುದಕ್ಕಿಂತ ಕೆರೆದು ಬಿಡುವುದೇ ವಾಸಿ ಅನ್ನುವ ವಾದ ನನಗೆ ಸರಿ ಅನಿಸುತ್ತದೆ.

ಅನುಭವವಿರುವ ಕೇಂದ್ರಗಳಲ್ಲಿ ಮಿಕ್ಸೋಮಾ ಆಪರೇಷನ್‌ನಲ್ಲಿ ಸಾವಿನ ಪ್ರಮಾಣ ಸುಮಾರು ಶೇಕಡಾ 3 ಅಥವಾ ಅದಕ್ಕಿಂತ ಕಡಿಮೆ. ಸರಳವಾದ ಪ್ರಕರಣದಲ್ಲಿ ಹೃದಯ ನಿಂತಿರುವ ಸಮಯ ಬಹಳ ಸಲ ಒಂದು ಗಂಟೆಗೂ ಕಡಿಮೆ. ಆಪರೇಷನ್ ಆದ ಮೇಲೆ ಕೆಲವು ದಿನ ಬಡಿತದ ಲಯ ತಪ್ಪುವುದು ಸಾಮಾನ್ಯ. ಎದೆಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ.

ಈ ಕಾಯುವಿಕೆಯನ್ನು ತಪ್ಪಿಸಲು ಬಲಗಡೆ ಪಕ್ಕೆಲುಬುಗಳ ಸಂದಿನಲ್ಲಿ ಸಣ್ಣ ಗಾಯ ಮಾಡಿ, ಕ್ಯಾಮೆರಾ ಅಥವಾ ರೋಬೋಟ್ ನೆರವಿನಿಂದ ಗಡ್ಡೆ ತೆಗೆಯುವ ವಿಧಾನ ಬಂದಿದೆ. ಯಂತ್ರಕ್ಕೆ ಕೊಳವೆಗಳನ್ನು ತೊಡೆಸಂದಿನ ರಕ್ತನಾಳಗಳಿಂದ ಹಾಕುತ್ತಾರೆ. ನೋವು ಕಡಿಮೆ, ಕಲೆ ಚಿಕ್ಕದು, ಬೇಗ ಓಡಾಡಬಹುದು. ಆದರೆ ಒಳಗಿನ ಆಪರೇಷನ್ ಚಿಕ್ಕದಾಗುವುದಿಲ್ಲ. ಹೃದಯ ನಿಲ್ಲಿಸಬೇಕು, ಯಂತ್ರ ಬೇಕು, ಗಡ್ಡೆಯನ್ನು ಒಡೆಯದೆ ತೆಗೆಯಬೇಕು. ಸಣ್ಣ ಗಾಯದಿಂದ ದೊಡ್ಡ ಗಡ್ಡೆಯನ್ನು ಎಳೆಯುವಾಗ ಚೂರಾಗದಂತೆ ಚೀಲದೊಳಗೆ ಹಾಕಿ ತೆಗೆಯುತ್ತಾರೆ. ಹೊರಗಿನ ಗಾಯದ ಉದ್ದವನ್ನು ನೋಡಿ ಆಸ್ಪತ್ರೆ ಆರಿಸುವವರು ಕೇಳಬೇಕಾದದ್ದು, ಈ ತಂಡ ಈ ವಿಧಾನದಲ್ಲಿ ಎಷ್ಟು ಹೃದಯದ ಆಪರೇಷನ್ ಮಾಡಿದೆ ಅನ್ನುವುದನ್ನು. ಕೇಳಿದರೆ ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಲಕ್ವಾ ಆದ ಮೇಲೆ ಯಾವಾಗ?

ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಗಡ್ಡೆ ಇದೆ ಅಂತ ಗೊತ್ತಾಗಿದ್ದೇ ಲಕ್ವಾದಿಂದ. ಗಡ್ಡೆಯನ್ನು ಬಿಟ್ಟರೆ ಇನ್ನೊಂದು ಚೂರು ಯಾವ ಕ್ಷಣದಲ್ಲಾದರೂ ಹೋಗಬಹುದು. ಆಪರೇಷನ್‌ಗೆ ಹೋದರೆ ಪೂರ್ತಿ ಪ್ರಮಾಣದ ಹೆಪಾರಿನ್ ಕೊಡಲೇಬೇಕು. ಪೆಟ್ಟಾದ ಮೆದುಳಿನಲ್ಲಿ ರಕ್ತಸ್ರಾವವಾಗುವ ಭಯ. ಮೆದುಳಿನಲ್ಲಿ ಈಗಾಗಲೇ ರಕ್ತ ಸೋರಿದ್ದರೆ ಕೆಲವು ವಾರ ಕಾಯುವುದೇ ರೂಢಿ. ಸೋರಿಲ್ಲ, ಪೆಟ್ಟಾದ ಜಾಗ ಚಿಕ್ಕದು, ರೋಗಿಗೆ ಎಚ್ಚರವಿದೆ ಅಂದರೆ ಬೇಗ ಮಾಡುವ ಕಡೆ ಈಗ ಹೆಚ್ಚಿನವರು ವಾಲುತ್ತಿದ್ದಾರೆ. ನರರೋಗ ತಜ್ಞ, ಹೃದ್ರೋಗ ತಜ್ಞ, ಸರ್ಜನ್ ಒಟ್ಟಿಗೆ ಕೂತು ಆ ಒಬ್ಬ ರೋಗಿಗೆ ಮಾತ್ರ ಅನ್ವಯಿಸುವಂತೆ ತೀರ್ಮಾನಿಸುವ ವಿಷಯ ಇದು. ರಕ್ತ ತೆಳುಮಾಡುವ ಮಾತ್ರೆ ತಿಂದುಕೊಂಡು ಇದ್ದುಬಿಡೋಣ ಅನ್ನುವುದು ಮಾತ್ರ ಮಿಕ್ಸೋಮಾಗೆ ಉತ್ತರವಲ್ಲ. ಕಿತ್ತುಹೋಗುವುದು ಹೆಪ್ಪಲ್ಲ, ಗಡ್ಡೆಯೇ.

ಕಾಯಬೇಕಾದವು, ಕಾಯಬಾರದವು

ಪ್ಯಾಪಿಲರಿ ಫೈಬ್ರೋಎಲಾಸ್ಟೋಮಾ ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕದು. ಹೆಚ್ಚಾಗಿ ಮಹಾಧಮನಿಯ ಕವಾಟದ ಮೇಲೆ. ಹೊರತೆಗೆದಾಗ ಮುದುಡಿದ ಲೋಳೆ ಹನಿಯಂತೆ ಕಾಣುತ್ತದೆ. ನೀರಿಗೆ ಹಾಕಿದರೆ ನೂರಾರು ಎಳೆಗಳು ಬಿಚ್ಚಿಕೊಂಡು ಹರಡುತ್ತವೆ. ಆ ಎಳೆಗಳ ಮೇಲೆ ಹೆಪ್ಪು ಕಟ್ಟಿ ಮೆದುಳಿಗೆ ಹೋಗಬಹುದು, ಎಳೆಯೇ ಕಿತ್ತುಹೋಗಬಹುದು, ಹೃದಯದ ರಕ್ತನಾಳದ ಬಾಯಿಗೆ ಅಡ್ಡ ಬಂದು ಹಾರ್ಟ್ ಅಟ್ಯಾಕ್‌ನಂಥದೂ ಆಗಬಹುದು. ಒಂದು ಕಾಲದಲ್ಲಿ ಬಹಳ ಅಪರೂಪ ಅಂದುಕೊಂಡಿದ್ದ ಇದು ಎಕೋದ ಚಿತ್ರ ಸ್ಪಷ್ಟವಾದಂತೆ ಹೆಚ್ಚು ಸಿಗುತ್ತಿದೆ. ಕೆಲವು ದೊಡ್ಡ ಕೇಂದ್ರಗಳ ಲೆಕ್ಕದಲ್ಲಿ ಮಿಕ್ಸೋಮಾವನ್ನೂ ಮೀರಿಸಿದೆ.

ಇದರಲ್ಲೇ ಈಗಿನ ಚರ್ಚೆ ಹೆಚ್ಚು ಬಿಸಿಯಾಗಿದೆ. ಎಡಗಡೆಯದು, ಅಲ್ಲಾಡುತ್ತಿದೆ, ಈಗಾಗಲೇ ಲಕ್ವಾ ಆಗಿದೆ ಅಂದರೆ ತೆಗೆಯಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಒಂದು ಸೆಂಟಿಮೀಟರ್ ದಾಟಿ ಅಲ್ಲಾಡುವ ಎಡಗಡೆಯದನ್ನು, ತೊಂದರೆ ಇಲ್ಲದಿದ್ದರೂ, ಬೇರೆ ಆರೋಗ್ಯ ಚೆನ್ನಾಗಿದ್ದರೆ ತೆಗೆಯುವುದು ಒಳ್ಳೆಯದು ಅನ್ನುವವರು ಹೆಚ್ಚು. ಐದು ಮಿಲಿಮೀಟರಿನದು, ಅಚಾನಕ್ ಸಿಕ್ಕಿದ್ದು, ರೋಗಿಗೆ ಎಪ್ಪತ್ತೆಂಟು ವರ್ಷ ಅಂದರೆ? ಎದೆ ತೆರೆಯುವ ಅಪಾಯವನ್ನೂ ಲಕ್ವಾದ ಅಪಾಯವನ್ನೂ ತೂಗಿ ನೋಡಬೇಕು. ರಕ್ತದ ಹೆಪ್ಪು ತಡೆಯುವ ಔಷಧ ಕೊಟ್ಟು, ಕಾಲಕಾಲಕ್ಕೆ ಎಕೋ ಮಾಡುತ್ತಾ ಇರುವುದೂ ಒಂದು ಒಪ್ಪಬಹುದಾದ ದಾರಿ. ಬಲಗಡೆಯ ಚಿಕ್ಕದನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ತೆಗೆಯುವುದಾದರೆ ಒಂದು ಅನುಕೂಲವಿದೆ. ಕವಾಟದ ಮೇಲಿಂದ ಇದನ್ನು ಬಹಳ ಸಲ ಹಗುರವಾಗಿ ಸವರಿ ತೆಗೆಯಬಹುದು, ಕವಾಟ ಬದಲಿಸಬೇಕಾಗುವುದು ಕಡಿಮೆ.

ಮಕ್ಕಳ ರಾಬ್ಡೋಮಯೋಮಾ ಕಥೆ ಬೇರೆ. ಇದು ಹೃದಯದ ಸ್ನಾಯುವಿನಲ್ಲೇ, ಒಂದಕ್ಕಿಂತ ಹೆಚ್ಚು ಗಡ್ಡೆಗಳಾಗಿ ಬೆಳೆಯುತ್ತದೆ. ಹೊಟ್ಟೆಯಲ್ಲಿದ್ದಾಗ ಬೆಳೆದು, ಹುಟ್ಟಿದ ಮೇಲೆ ಕೆಲವು ವರ್ಷಗಳಲ್ಲಿ ತಾನಾಗಿ ಕುಗ್ಗುತ್ತದೆ. ಎಷ್ಟೋ ಮಕ್ಕಳಲ್ಲಿ ಮಾಯವೇ ಆಗುತ್ತದೆ. ಹಾಗಾಗಿ ರಕ್ತದ ದಾರಿ ಮುಚ್ಚಿದ್ದರೆ ಅಥವಾ ಔಷಧಕ್ಕೆ ಬಗ್ಗದ ಲಯದ ತೊಂದರೆ ಇದ್ದರೆ ಮಾತ್ರ ಆಪರೇಷನ್. ಕಷ್ಟದ ಸಂದರ್ಭದಲ್ಲಿ ಎವರೋಲಿಮಸ್, ಸಿರೋಲಿಮಸ್ ಅನ್ನುವ ಔಷಧಗಳಿಂದ ಗಡ್ಡೆ ಬೇಗ ಕುಗ್ಗಿದ ವರದಿಗಳಿವೆ. ಹೆತ್ತವರು ಹೃದಯದ ಬಗ್ಗೆಯೇ ಚಿಂತಿಸುತ್ತಾರೆ. ಆದರೆ ಇಂಥ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಟ್ಯೂಬರಸ್ ಸ್ಕ್ಲೆರೋಸಿಸ್ ಅನ್ನುವ ವಂಶವಾಹಿಯ ಕಾಯಿಲೆ ಇರುತ್ತದೆ. ಹೃದಯದ ಗಡ್ಡೆ ಕರಗಿದ ಮೇಲೆ ಫಿಟ್ಸ್, ಕಲಿಕೆಯ ತೊಂದರೆ ಕಾಣಿಸಿಕೊಳ್ಳಬಹುದು. ಮಗುವಿನ ಮೆದುಳು, ಮೂತ್ರಪಿಂಡ, ಚರ್ಮ, ಕಣ್ಣು ಎಲ್ಲಾ ನೋಡಿಸಬೇಕು.

ಫೈಬ್ರೋಮಾ ಕೂಡ ಮಕ್ಕಳ ಹೃದಯದ್ದೇ, ಆದರೆ ಇದು ಕರಗುವುದಿಲ್ಲ. ಕೆಳಗಿನ ಕೋಣೆಯ ದಪ್ಪ ಗೋಡೆಯೊಳಗೆ ಒಂದೇ ಗಟ್ಟಿ ಗಡ್ಡೆ, ನಡುವೆ ಎಷ್ಟೋ ಸಲ ಸುಣ್ಣ ಕಟ್ಟಿರುತ್ತದೆ. ಇದು ಬಡಿತದ ಲಯವನ್ನು ಅಪಾಯಕರವಾಗಿ ಕೆಡಿಸಬಲ್ಲದು. ಹಠಾತ್ ಸಾವಿನ ಭಯ ಇರುವುದರಿಂದ ಲಕ್ಷಣ ಕಡಿಮೆ ಇದ್ದರೂ ತೆಗೆಯುವ ಯೋಚನೆ ಮಾಡುತ್ತಾರೆ. ಪೂರ್ತಿ ಬಿಡಿಸಲು ಆಗದಿದ್ದರೆ ಸಾಧ್ಯವಾದಷ್ಟು ತೆಗೆದರೂ ಪ್ರಯೋಜನವಿದೆ. ತೀರಾ ದೊಡ್ಡದಾದರೆ, ಅಪರೂಪಕ್ಕೆ, ಹೃದಯ ಕಸಿ.

ಗಡ್ಡೆಯೇ ಅಲ್ಲದ ಒಂದನ್ನೂ ಹೇಳಬೇಕು. ವಯಸ್ಸಾದವರಲ್ಲಿ, ದಪ್ಪಗಿರುವವರಲ್ಲಿ ಹೃತ್ಕರ್ಣಗಳ ನಡುಗೋಡೆಯಲ್ಲಿ ಕೊಬ್ಬು ಸೇರಿ ಉಬ್ಬುತ್ತದೆ. ಕ್ಯಾನ್ಸರ್ ಹುಡುಕಲು ಮಾಡುವ ಪೆಟ್ ಸ್ಕ್ಯಾನ್‌ನಲ್ಲಿ ಇದು ಕೆಲವೊಮ್ಮೆ ಹೊಳೆದು ಕಂಡು ಕ್ಯಾನ್ಸರ್ ಅಂತ ಎಲ್ಲರನ್ನೂ ಹೆದರಿಸುತ್ತದೆ. ಎಂಆರ್‌ಐ ಅಥವಾ ಸಿಟಿಯಲ್ಲಿ ಕೊಬ್ಬು ಅಂತ ಖಾತ್ರಿಯಾದರೆ ಸಾಮಾನ್ಯವಾಗಿ ಏನೂ ಮಾಡಬೇಕಾಗಿಲ್ಲ.

ತೆಗೆದ ಮೇಲೂ ಎಕೋ ಯಾಕೆ?

ಮಾಮೂಲಿ ಮಿಕ್ಸೋಮಾ ತೆಗೆದ ಮೇಲೆ ಮತ್ತೆ ಬರುವುದು ನೂರರಲ್ಲಿ ಒಬ್ಬರಿಂದ ಮೂವರಿಗೆ. ಬಂದರೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲಿ. ಅದಕ್ಕೇ ವರ್ಷಕ್ಕೊಮ್ಮೆ ಎಕೋ ಮಾಡಿಸಿ ಅನ್ನುತ್ತಾರೆ. ಎಲ್ಲಾ ಚೆನ್ನಾಗಿದೆ ಅಂತ ಎರಡನೇ ವರ್ಷಕ್ಕೇ ನಿಲ್ಲಿಸಿಬಿಡುವವರು ಬಹಳ.

ಲೆಕ್ಕ ಬದಲಾಗುವುದು ಮಿಕ್ಸೋಮಾ ಮನೆತನದಲ್ಲಿ ಬಂದಾಗ. 1985ರಲ್ಲಿ ಏಡನ್ ಕಾರ್ನಿ ಅನ್ನುವ ಪೆಥಾಲಜಿಸ್ಟ್ ಗುರುತಿಸಿದ ಕಾರ್ನಿ ಕಾಂಪ್ಲೆಕ್ಸ್ ಅನ್ನುವ ಕಾಯಿಲೆ ಇದೆ. ಹೆಚ್ಚಿನವರಲ್ಲಿ ಇದಕ್ಕೆ ಕಾರಣ 17ನೇ ಕ್ರೋಮೋಸೋಮಿನಲ್ಲಿರುವ ಪಿಆರ್‌ಕೆಎಆರ್1ಎ ಅನ್ನುವ ವಂಶವಾಹಿಯ ದೋಷ. ಇವರಿಗೆ ಮಿಕ್ಸೋಮಾ ಚಿಕ್ಕ ವಯಸ್ಸಿಗೇ ಬರುತ್ತದೆ, ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ, ನಡುಗೋಡೆ ಬಿಟ್ಟು ಬೇರೆ ಜಾಗದಲ್ಲೂ ಬರುತ್ತದೆ, ತೆಗೆದರೂ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಮರಳುತ್ತದೆ. ತುಟಿ, ಕಣ್ಣುರೆಪ್ಪೆ, ಮುಖದ ಮೇಲೆ ಕಂದು ಕಪ್ಪು ಚುಕ್ಕೆಗಳು, ಹಾರ್ಮೋನು ಗ್ರಂಥಿಗಳ ತೊಂದರೆ ಜೊತೆಗಿರುತ್ತವೆ. ದೋಷ ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ಹಾಗಾಗಿ ಮೂವತ್ತು ದಾಟದವರಲ್ಲಿ ಮಿಕ್ಸೋಮಾ ಸಿಕ್ಕರೆ, ಅಥವಾ ಒಂದೇ ಹೃದಯದಲ್ಲಿ ಎರಡು ಸಿಕ್ಕರೆ, ಆಪರೇಷನ್ ಮುಗಿದ ಮೇಲೆ ಪೆಥಾಲಜಿ ರಿಪೋರ್ಟ್ ಜೊತೆಗೆ ಮುಖದ ಚುಕ್ಕೆಗಳನ್ನೂ ಡಾಕ್ಟರ್ ಗಮನಿಸಬೇಕು. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಒಂದೊಂದು ಎಕೋ ಬರೆದುಕೊಡಬೇಕು. ಬರೆದುಕೊಡದಿದ್ದರೆ ರೋಗಿಯೇ ಕೇಳಿ ಬರೆಸಿಕೊಳ್ಳಬಹುದು. ಎಕೋಗೆ ಬೇಕಾಗುವುದು ಅರ್ಧ ಗಂಟೆ, ಸೂಜಿಯೂ ಇಲ್ಲ, ವಿಕಿರಣವೂ ಇಲ್ಲ.